ಹವಳ ಮುದುಡಿದರೆ ಲೈಟನ್ನೇ ಏಕೆ ಬೈಯುತ್ತೀರಿ? ಚಿಕ್ಕ ಉಪ್ಪುನೀರಿನ ಟ್ಯಾಂಕಿನ ದೋಷ ನಿವಾರಣೆ

ಮುಂಬಯಿಯ ಮುಲುಂಡಿನಲ್ಲಿ ಟ್ಯಾಂಕಿನೊಳಗೆ ಹವಳ ಸಾಕಿರುವ ಅಕ್ಕನ ಮಗ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಾವ, ಲೆದರ್ ಕೋರಲ್ ನಾಲ್ಕು ದಿನದಿಂದ ಮುಖ ಮುಚ್ಚಿಕೊಂಡು ಕೂತಿದೆ. ಅಂಗಡಿಯವರು ಲೈಟ್ ಸಾಲದು, ಇನ್ನೊಂದು ಹಾಕು ಅಂತಾರೆ. ಏಳು ಸಾವಿರ ಆಗ್ತದಂತೆ. ತಗೊಳ್ಳಲಾ?"

"ಬೇಡ, ತಡಿ. ಈಗಿರೋ ಲೈಟಿನ ಅಡಿಯನ್ನ ಕಡೆಯ ಸಲ ಒರೆಸಿದ್ದು ಯಾವಾಗ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅದನ್ನ ಒರೆಸ್ಬೇಕಾ?"

ಭಾನುವಾರ ಡೊಂಬಿವಲಿಯಿಂದ ಲೋಕಲ್ ಹತ್ತಿ ಹೋಗಿ ನೋಡಿದೆ. ಲೈಟಿನ ಅಡಿಯಲ್ಲಿ ಹಪ್ಪಳದಷ್ಟು ದಪ್ಪ ಉಪ್ಪು. ಟೈಮರನ್ನು ದಿನಕ್ಕೆ 13 ಗಂಟೆ ಲೈಟು ಉರಿಯುವಂತೆ ಇಟ್ಟಿದ್ದಾನೆ. ಹವಳ ಮಾತ್ರ ಆರಾಮಾಗಿ ಪೊರೆ ಬಿಡುತ್ತಿತ್ತು. ಅಂದರೆ ಅವನು ಕೇಳಿದ ರೋಗ ರೋಗವೇ ಅಲ್ಲ; ಕೇಳದೇ ಬಿಟ್ಟ ಎರಡು ತಪ್ಪುಗಳು ಬೇರೆ ಇದ್ದವು. ಇಂಥ ಫೋನುಗಳು ಬರುತ್ತಲೇ ಇರುವುದರಿಂದ ಒಮ್ಮೆ ಬರೆದಿಟ್ಟುಬಿಡೋಣ ಅನ್ನಿಸಿತು.

ಯಾವ ಟ್ಯಾಂಕು, ಯಾವ ಲೈಟು

ನಾನು ಹೇಳುತ್ತಿರುವುದು ಎರಡಡಿ ಟ್ಯಾಂಕಿನ ಬಗ್ಗೆ. 60 × 30 × 36 ಸೆಂ.ಮೀ., ಲೆಕ್ಕದಲ್ಲಿ 65 ಲೀಟರ್. ಕಲ್ಲು, ಮರಳು ಕಳೆದರೆ ಐವತ್ತರ ಆಸುಪಾಸು. ಒಳಗೆ ಕಲ್ಲಿನ ಗೂಡು ಕಟ್ಟದ, ಮೆತ್ತನೆ ಮೈಯ ಮೃದು ಹವಳಗಳು: ಲೆದರ್, ಮಶ್ರೂಮ್, ಝೋವಾ, ಗ್ರೀನ್ ಸ್ಟಾರ್ ಪಾಲಿಪ್, ಕೆನ್ಯಾ ಟ್ರೀ. ಮುಂಬಯಿಯ ವನ್ ಬಿಎಚ್‌ಕೆಯಲ್ಲಿ ಟ್ಯಾಂಕಿನ ಮೇಲೆ ಒಂದೋ ಪುಸ್ತಕದ ಶೆಲ್ಫ್ ಇರುತ್ತದೆ, ಇಲ್ಲಾ ದೇವರ ಮಂಟಪ. ಸೀಲಿಂಗಿಗೆ ಡ್ರಿಲ್ ಹಾಕಿ ದೊಡ್ಡ ಲೈಟು ನೇತುಹಾಕಿದರೆ ಬಾಡಿಗೆ ಮನೆಯ ಮಾಲೀಕರು ಡಿಪಾಸಿಟ್ಟಿನಲ್ಲಿ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಗಾಜಿನ ಅಂಚಿನ ಮೇಲೆ ಕಾಲೂರಿ ನಿಲ್ಲುವ, ಸ್ಕೇಲಿನಂತೆ ತೆಳ್ಳಗಿನ ಎಲ್‌ಇಡಿ ಲೈಟೇ ನಮಗೆ ಗತಿ. ಅಗ್ಗವೂ ಹೌದು.

ಈ ತೆಳು ಲೈಟಿನ ಗುಣವೂ ದೋಷವೂ ಒಂದೇ: ನೀರಿಗೆ ತೀರ ಹತ್ತಿರ ಇರುವುದು. ಅದಕ್ಕೇ ಉಪ್ಪು ಸಿಡಿಯುತ್ತದೆ, ನಡುವೆ ಬೆಳಕು ಚುಚ್ಚುತ್ತದೆ, ಮೂಲೆಗಳು ಕತ್ತಲಾಗುತ್ತವೆ, ಮೇ ತಿಂಗಳಲ್ಲಿ ನೀರೂ ಕಾಯುತ್ತದೆ. ಕೆಳಗಿನ ಬಹುಪಾಲು ಲಕ್ಷಣಗಳ ಬೇರು ಇಲ್ಲೇ ಇದೆ.

ಬೆಳಕನ್ನು ಅಳೆಯುವ ಲೆಕ್ಕವನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. ಹವಳದ ಮೈಯೊಳಗೆ ಝೂಝಾಂಥೆಲ್ಲೆ ಎಂಬ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ಅದು ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಆ ಅಡುಗೆಗೆ ಬಳಕೆಯಾಗುವ 400ರಿಂದ 700 ನ್ಯಾನೊಮೀಟರಿನ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಶ್ರೂಮಿಗೆ 30ರಿಂದ 80 ಪಾರ್ ಧಾರಾಳ. ಝೋವಾ, ಸ್ಟಾರ್ ಪಾಲಿಪ್‌ಗಳಿಗೆ 50ರಿಂದ 120. ಲೆದರಿಗೆ 150ರವರೆಗೆ ಕೊಟ್ಟರೂ ಪರವಾಗಿಲ್ಲ. ಬಿಸಿಲಲ್ಲಿ ಬಟ್ಟೆ ಒಣಗಿಸಿದ ಹಾಗೆ ಬೆಳಕು ಸುರಿಯಬೇಕೆಂಬ ಭ್ರಮೆ ಬೇಡ. ನಮ್ಮ ಹಾಜಿ ಅಲಿ, ವರಳಿಯ ಬಂಡೆಗಳ ಮೇಲೆ, ಸಮುದ್ರ ಇಳಿದಾಗ, ಚಹಾದಂಥ ಕಲಕು ನೀರಿನಲ್ಲೂ ಹವಳ ಬದುಕಿರುವುದು ಕಾಣುತ್ತದೆ. ಕೋಸ್ಟಲ್ ರೋಡ್ ಕಾಮಗಾರಿಗೆಂದು 2020ರಲ್ಲಿ ಅಲ್ಲಿಂದ ಸ್ಥಳಾಂತರ ಮಾಡಿದ್ದು ಅವುಗಳನ್ನೇ. (ನೋಡಿ ಬನ್ನಿ, ಕಿತ್ತು ತರಬೇಡಿ. ಕಲ್ಲು ಹವಳ, ಸಮುದ್ರ ಬೀಸಣಿಗೆ ಮೊದಲಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯ ಸಾಲಿನಲ್ಲೇ ಇವೆ.)

ಕೈ ಹಾಕುವ ಮುಂಚೆ

ಉಪ್ಪುನೀರು ಕರೆಂಟನ್ನು ಸಲೀಸಾಗಿ ಹರಿಸುತ್ತದೆ. ಟ್ಯಾಂಕಿನ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಎಂಸಿಬಿ ಇದ್ದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಲೋಡು ಹೆಚ್ಚಾದಾಗ ಬೀಳುವ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಂದು ಸುತ್ತು ಜೋತುಬಿದ್ದು ಆಮೇಲೆ ಮೇಲೇರಬೇಕು. ಹಾಗಿದ್ದರೆ ವೈರಿನ ಮೇಲೆ ಹರಿದು ಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ಗಿನೊಳಗೆ ಇಳಿಯುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡನ್ನು ಟ್ಯಾಂಕಿನ ಕೆಳಗೆ ನೆಲದ ಮೇಲಿಟ್ಟಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಗೋಡೆಗೆ ಹಾಕಿ ಬನ್ನಿ.

ಲೈಟಿಗೆ ಕೈ ಹಚ್ಚುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಉರಿಯುವ ನೀಲಿ ಎಲ್‌ಇಡಿಯನ್ನು ಅಡಿಯಿಂದ ನೆಟ್ಟಗೆ ನೋಡಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಹೇಳಿ.

ಇನ್ನೊಂದು ಅಪಾಯ ಕರೆಂಟಿನದಲ್ಲ. ಝೋವಾ, ಪಾಲಿಥೋವಾ ಜಾತಿಯ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಅವನ್ನು ಜರುಗಿಸುವಾಗ ಗ್ಲೌಸ್, ಕನ್ನಡಕ ಬೇಕು. ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯುವುದು, ಕುದಿಸುವುದು, ಬ್ರಶ್ಶಿನಲ್ಲಿ ಒಣಗಿದ್ದನ್ನು ಉಜ್ಜುವುದು ಎಂದಿಗೂ ಬೇಡ; ಆವಿಯನ್ನು ಉಸಿರಾಡಿಯೇ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಹವಳ ಮುಟ್ಟಿದ ಮೇಲೆ ಬಾಯಲ್ಲಿ ಲೋಹದ ರುಚಿ, ಎದೆ ಬಿಗಿತ, ಸ್ನಾಯು ಸೆಳೆತ, ಕಣ್ಣುರಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ; ಹೋದಲ್ಲಿ "ಝೊವಾಂಥಿಡ್ ಹವಳ, ಪಾಲಿಟಾಕ್ಸಿನ್" ಎಂದು ಹೆಸರು ಹೇಳಿ. ಹೇಳದಿದ್ದರೆ ವೈದ್ಯರಿಗೆ ಹೊಳೆಯುವ ಕಾರಣ ಇದಲ್ಲ.

ಲಕ್ಷಣ: ನಿನ್ನೆ ಅರಳಿತ್ತು, ಇವತ್ತು ಮುಚ್ಚಿದೆ

ಮೊದಲ ತಪಾಸಣೆ ಬಿಟ್ಟಿ: ಸುಮ್ಮನೆ ಕೂತು ನೋಡುವುದು. ಲೆದರಿನ ಮೇಲ್ಮೈ ಮೇಣ ಬಳಿದ ಹಾಗೆ ಹೊಳೆಯುತ್ತಿದೆಯೇ? ತೆಳು ಪೊರೆ ಚಿಂದಿಚಿಂದಿಯಾಗಿ ಏಳುತ್ತಿದೆಯೇ? ಹಾಗಿದ್ದರೆ ಅದು ಪೊರೆ ಬಿಡುತ್ತಿದೆ. ಮೈಮೇಲೆ ಕೂತ ಪಾಚಿ, ಕೊಳೆಗಳನ್ನು ಕಳಚಲು ಅದು ಹಾಗೆ ಮಾಡುತ್ತದೆ. ಕೆಲವು ದಿನ, ಕೆಲವೊಮ್ಮೆ ಎರಡು ವಾರವೂ ಹಿಡಿಯಬಹುದು. ಪಂಪಿನ ಹರಿವು ಅದರ ಮೇಲೆ ಸ್ವಲ್ಪ ಬೀಸುವಂತೆ ತಿರುಗಿಸಿ. ಪೊರೆ ಬೇಗ ಹಾರಿಹೋಗುತ್ತದೆ. ಬೆರಳಿನಿಂದ ಸುಲಿಯಬೇಡಿ. ಲೈಟನ್ನಂತೂ ಮುಟ್ಟಲೇ ಬೇಡಿ.

ಒಂದೇ ಹವಳ ಮುಚ್ಚಿದ್ದರೆ ಅದರ ನೆರೆಯವರನ್ನು ನೋಡಿ. ಏಡಿ ತುಳಿಯುತ್ತಿರಬಹುದು, ಮೀನು ಕುಟುಕುತ್ತಿರಬಹುದು, ಪಕ್ಕದ ಹವಳ ತಾಗುತ್ತಿರಬಹುದು. ಲೆದರುಗಳು ನೀರಿಗೆ ತಮ್ಮದೇ ರಸಾಯನ ಬಿಟ್ಟು ಪಕ್ಕದವರನ್ನು ಹಿಂದಕ್ಕೆ ತಳ್ಳುತ್ತವೆ. ಚಿಕ್ಕ ಟ್ಯಾಂಕಿನಲ್ಲಿ ಅದು ಬೇಗ ಸೇರಿಕೊಳ್ಳುತ್ತದೆ. ನೀರಿನ ಕೊಳೆ ಹೀರುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಒಂದು ಹಿಡಿ ಹಾಕಿದರೆ ಇದಕ್ಕೆ ಅಗ್ಗದ ಮದ್ದು.

ಎಲ್ಲವೂ ಒಟ್ಟಿಗೆ ಮುಚ್ಚಿದ್ದರೆ ಗುಮಾನಿ ನೀರಿನ ಮೇಲೆ. ಮೊದಲು ಉಪ್ಪಿನಂಶ: ಅದನ್ನು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ 1.025ರ ಸಮೀಪ ಇರಬೇಕು. ಎರಡು ದಿನ ಊರಿಗೆ ಹೋಗಿ ಬಂದಿದ್ದರೆ ನೀರು ಆವಿಯಾಗಿ ಉಪ್ಪು ಏರಿರುತ್ತದೆ. ಆವಿಯಾದದ್ದು ಬರಿ ನೀರು, ಆದ್ದರಿಂದ ತುಂಬಬೇಕಾದದ್ದೂ ಬರಿ ಆರ್‌ಒ ನೀರು. ಒಂದೇ ಸಲ ಸುರಿಯದೆ ದಿನವಿಡೀ ಸ್ವಲ್ಪಸ್ವಲ್ಪ ಹಾಕಿ. ಆಮೇಲೆ ಉಷ್ಣತೆ. ಆಮೇಲೆ ನೆನಪು ಮಾಡಿಕೊಳ್ಳಿ: ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್ ಆಯಿತೇ? ಕೋಣೆಯಲ್ಲಿ ಜಿರಲೆಗೆ ಸ್ಪ್ರೇ ಹೊಡೆದಿರಾ? ಆ ಔಷಧಿಗಳ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ಹವಳಕ್ಕೂ ವಿಷ. ಹಾಗಾಗಿದ್ದರೆ ಕಿಟಕಿ ತೆರೆದು, ಕಾಲುಭಾಗ ನೀರು ಬದಲಿಸಿ, ಕಾರ್ಬನ್ ಹಾಕಿ. ಮೀನಿಗೆ ಕಾಯಿಲೆ ಎಂದು ತಾಮ್ರದ ಔಷಧಿ ಹಾಕಿದ್ದರೆ ಅದೂ ಇದೇ ಕಥೆ.

ಲಕ್ಷಣ: ಕತ್ತು ಉದ್ದ ಮಾಡಿಕೊಂಡಿದೆ, ಬಣ್ಣ ಕಂದಾಗಿದೆ

ಝೋವಾದ ದಂಟು ಹುರುಳಿ ಮೊಳಕೆಯಂತೆ ಉದ್ದವಾಗಿದೆ, ಮಶ್ರೂಮ್ ತಟ್ಟೆಯಂತೆ ಹರಡುವ ಬದಲು ಲೋಟದಂತೆ ಮೇಲಕ್ಕೆ ಎದ್ದಿದೆ, ತಂದಾಗ ಹಸಿರಿದ್ದದ್ದು ಕಾಫಿಪುಡಿ ಬಣ್ಣವಾಗಿದೆ. ಇದು ನಿಜಕ್ಕೂ ಬೆಳಕು ಸಾಲದ ಗುರುತು. ಕಡಿಮೆ ಬೆಳಕಿನಲ್ಲಿ ಒಳಗಿನ ಪಾಚಿ ಹೆಚ್ಚುತ್ತದೆ, ಅದರ ಕಂದು ಬಣ್ಣ ಹವಳದ ಬಣ್ಣವನ್ನು ಮುಚ್ಚುತ್ತದೆ. ಇದರಲ್ಲಿ ಸಮಾಧಾನದ ಸಂಗತಿ, ಇದು ನಿಧಾನದ ತೊಂದರೆ. ವಾರಗಟ್ಟಲೆ ಸಮಯ ಇದೆ, ಇವತ್ತೇ ಅಂಗಡಿಗೆ ಓಡಬೇಕಿಲ್ಲ.

ಖರ್ಚಿಲ್ಲದ ತಪಾಸಣೆಗಳಿಂದ ಶುರುಮಾಡಿ. ಪ್ಲಗ್ ಕಿತ್ತು, ಲೈಟನ್ನು ಟ್ಯಾಂಕಿನಿಂದ ಇಳಿಸಿ, ಬೋರಲು ಹಾಕಿ ನೋಡಿ. ಬಿಳಿ ಪುಡಿ, ಮಂಜು ಕವಿದ ಪ್ಲಾಸ್ಟಿಕ್ ಕಂಡರೆ ಆರ್‌ಒ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಗಟ್ಟಿಯಾಗಿ ಹಿಡಿದ ಕರೆಗೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಮತ್ತೆ ಬರಿ ನೀರಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಕಿಟಕಿ ಗಾಜು ಒರೆಸುವ ಸ್ಪ್ರೇ ಬೇಡ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಬೇಡವೇ ಬೇಡ. ಟ್ಯಾಂಕಿಗೆ ಗಾಜಿನ ಮುಚ್ಚಳ ಇದ್ದರೆ ಅದರ ಎರಡೂ ಬದಿ ಒರೆಸಬೇಕು. ಅಡಿಬದಿಯನ್ನು ಎಲ್ಲರೂ ಮರೆಯುತ್ತಾರೆ.

ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಆರು ತಿಂಗಳ ಉಪ್ಪನ್ನು ಒಂದೇ ದಿನ ತೆಗೆದು, ಪಳಪಳ ಹೊಳೆಯುವ ಲೈಟನ್ನು ಅದೇ ಹಳೆಯ ಸೆಟ್ಟಿಂಗಿನಲ್ಲಿ ಹಾಕಿದೆ. ಮೂರನೆಯ ದಿನ ಝೋವಾಗಳೆಲ್ಲ ಮುಷ್ಟಿ ಬಿಗಿದುಕೊಂಡವು. ಹವಳದ ಲೆಕ್ಕದಲ್ಲಿ ನಾನು ಮಾಡಿದ್ದು ಸ್ವಚ್ಛತೆಯಲ್ಲ, ಹೊಸ ಲೈಟು ತಂದು ಹಾಕಿದ್ದು. ಹಾಗಾಗಿ ಒರೆಸಿದ ದಿನ ತೀವ್ರತೆಯನ್ನು ಐದರಲ್ಲೊಂದು ಪಾಲು ಇಳಿಸಿ, ವಾರ ಬಿಟ್ಟು ನಿಧಾನಕ್ಕೆ ಏರಿಸಿ. ಹಳದಿ ತಿರುಗಿದ ನೀರಿಗೆ ಕಾರ್ಬನ್ ಹಾಕಿದಾಗಲೂ ಹೀಗೇ: ನೀರು ತಿಳಿಯಾದರೆ ಕೆಳಗಿನವರೆಗೆ ಬೆಳಕು ಧುತ್ತೆಂದು ಇಳಿಯುತ್ತದೆ.

ಒರೆಸಿದ ಮೇಲೂ ಕತ್ತು ಉದ್ದವೇ ಇದ್ದರೆ ಟೈಮರ್ ನೋಡಿ. 8ರಿಂದ 10 ಗಂಟೆ ಬೆಳಕು ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಮೆಕ್ಯಾನಿಕಲ್ ಟೈಮರ್ ಹಿಂದೆ ಬಿದ್ದಿರುತ್ತದೆ. ನೀವು ಆಫೀಸಿನಲ್ಲಿರುವಾಗ ಅದು ಎಷ್ಟು ಹೊತ್ತಿಗೆ ಹತ್ತಿ ಎಷ್ಟು ಹೊತ್ತಿಗೆ ಆರುತ್ತದೆ ಎಂದು ಮನೆಯಲ್ಲಿರುವವರನ್ನು ಕೇಳಿ. ಆಮೇಲೆ ನೀಲಿ ಚಾನೆಲ್, ಅಂದರೆ ಲೈಟಿನ ನೀಲಿ ಎಲ್‌ಇಡಿಗಳ ಗುಂಪು, ಉರಿಯುತ್ತಿದೆಯೇ ನೋಡಿ. ಕಣ್ಣಿಗೆ ಬಿಳಿಯೇ ಪ್ರಕಾಶ ಅನ್ನಿಸುತ್ತದೆ, ಆದರೆ ಹವಳದ ಪಾಚಿಗೆ 420ರಿಂದ 480 ನ್ಯಾನೊಮೀಟರಿನ ನೀಲಿಯೇ ಊಟ. ನೀಲಿ ಕೆಟ್ಟು ಬಿಳಿ ಮಾತ್ರ ಉರಿಯುತ್ತಿದ್ದರೆ ಕೋಣೆ ಬೆಳಗುತ್ತದೆ, ಹವಳ ಹಸಿದಿರುತ್ತದೆ.

ಆಮೇಲೆ ಜಾಗ. ಕಂದಾದ ಹವಳವನ್ನು ಮರಳಿನಿಂದ ಎತ್ತಿ ಕಲ್ಲಿನ ನಡುಮಟ್ಟಕ್ಕೆ ಇಡಿ, ಹತ್ತು ದಿನ ಕಾಯಿರಿ. ಜಾಗ ಬದಲಿಸಿದರೆ ತೀವ್ರತೆ ಬದಲಿಸಬೇಡಿ. ಎರಡನ್ನೂ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ಆ ದೇವರಿಗೂ ತಿಳಿಯದು.

ಮೊಬೈಲಿನ ಲಕ್ಸ್ ಆಪ್ ಬಗ್ಗೆ ಕೇಳುತ್ತಾರೆ. ಲಕ್ಸ್ ಎಂಬುದು ಮನುಷ್ಯರ ಕಣ್ಣಿನ ಲೆಕ್ಕ, ಹಸಿರು ಬೆಳಕಿಗೆ ಹೆಚ್ಚು ಅಂಕ ಕೊಡುತ್ತದೆ, ನೀಲಿಗೆ ಕಡಿಮೆ. ನೀಲಿ ಲೈಟಿನಡಿ ಅದು ತೋರಿಸುವ ಸಂಖ್ಯೆಯನ್ನು ಪಾರಿಗೆ ಪರಿವರ್ತಿಸುವ ಸೂತ್ರಗಳನ್ನು ನಂಬಬೇಡಿ. ಆದರೆ ಹೋಲಿಕೆಗೆ ಅದು ಉಪಯುಕ್ತ: ಒರೆಸುವ ಮೊದಲು ಎಷ್ಟು, ನಂತರ ಎಷ್ಟು, ನಡುವೆ ಎಷ್ಟು, ಮೂಲೆಯಲ್ಲಿ ಎಷ್ಟು. ಫೋನನ್ನು ಒಂದೇ ಎತ್ತರದಲ್ಲಿ, ನೀರಿಗೆ ತಾಗದ ಹಾಗೆ ಹಿಡಿದು ಬರೆದಿಟ್ಟುಕೊಳ್ಳಿ. ನಿಜವಾದ ಪಾರ್ ಮೀಟರ್ ದುಬಾರಿ, ಕೊಳ್ಳಬೇಡಿ; ಕುರ್ಲಾದಲ್ಲೋ ಕ್ರಾಫರ್ಡ್ ಮಾರ್ಕೆಟ್ಟಿನಲ್ಲೋ ಉಪ್ಪುನೀರಿನ ಮೀನು ಮಾರುವ ಅಂಗಡಿಯವರನ್ನು, ಇಲ್ಲವೇ ಹಳೆಯ ಹವ್ಯಾಸಿಗಳನ್ನು ಒಂದು ದಿನಕ್ಕೆ ಕೇಳಿ ನೋಡಿ. ಉಪ್ಪು ಒರೆಸಿ, ಸಮಯ ಸರಿಮಾಡಿ, ತೀವ್ರತೆ ಪೂರ್ತಿ ಏರಿಸಿದ ಮೇಲೂ ಹವಳದ ಮಟ್ಟದಲ್ಲಿ 40 ದಾಟದಿದ್ದರೆ, ಆಗ ಲೈಟು ಸಾಲದು ಅನ್ನಿ. ನಾನೂ ಒಪ್ಪುತ್ತೇನೆ.

ಲಕ್ಷಣ: ಬಿಳಿಚಿದೆ, ಕುಗ್ಗಿದೆ, ನೆರಳಿಗೆ ವಾಲಿದೆ

ಇದಕ್ಕೆ ಹೆದರಿ. ಬೆಳಕಾಗಲಿ ಶಾಖವಾಗಲಿ ಮಿತಿ ಮೀರಿದಾಗ ಹವಳ ತನ್ನ ಪಾಚಿಯನ್ನೇ ಹೊರಹಾಕುತ್ತದೆ. ಮೈ ಬಿಳಿಚಿ, ಗಂಜಿನೀರಿನಂತೆ ಪಾರದರ್ಶಕವಾಗುತ್ತದೆ. ಇನ್ನೂ ಸತ್ತಿಲ್ಲ, ಉಪವಾಸ ಬಿದ್ದಿದೆ. ಹೊಸಬರು ಇದನ್ನೇ "ಬಣ್ಣ ಹೋಯಿತು, ಬೆಳಕು ಸಾಲದು" ಎಂದುಕೊಂಡು ಲೈಟು ಏರಿಸುತ್ತಾರೆ. ನಾನು ಕಂಡ ಹವಳದ ಸಾವುಗಳಲ್ಲಿ ಹೆಚ್ಚಿನವು ಈ ಒಂದು ತಪ್ಪಿನಿಂದ ಆದವು. ಗುರುತು ನೆನಪಿಡಿ: ಬೆಳಕು ಕಡಿಮೆಯಾದರೆ ಕಂದು ಮತ್ತು ಉದ್ದ, ಹೆಚ್ಚಾದರೆ ಬಿಳಿ ಮತ್ತು ಗಿಡ್ಡ.

ಮೊದಲು ಥರ್ಮಾಮೀಟರ್ ನೋಡಿ, ಲೈಟನ್ನಲ್ಲ. 25, 26 ಡಿಗ್ರಿ ಸುಖ. 29 ದಾಟಿದರೆ ಹವಳಕ್ಕೆ ಕಷ್ಟ ಶುರು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ, ಮತ್ತೆ ಅಕ್ಟೋಬರಿನ ಸೆಕೆಯಲ್ಲಿ, ಬೀಗ ಹಾಕಿದ ಫ್ಲ್ಯಾಟಿನೊಳಗೆ ನೀರು 31, 32 ತಲುಪುವುದು ಕಷ್ಟವೇನಲ್ಲ; ಮುಚ್ಚಳದ ಮೇಲೆಯೇ ಕೂತ ತೆಳು ಲೈಟು ತನ್ನ ಪಾಲಿನ ಶಾಖವನ್ನೂ ಸೇರಿಸುತ್ತದೆ. ಅಳೆಯಬೇಕಾದದ್ದು ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ.

ಶಾಖವೇ ಕಾರಣವಾದರೆ ಮುಚ್ಚಳ ತೆಗೆಯಿರಿ, ಚಿಕ್ಕ ಫ್ಯಾನಿನ ಗಾಳಿ ನೀರಿನ ಮೇಲೆ ಬೀಸುವಂತೆ ಇಡಿ. ಎರಡು, ಮೂರು ಡಿಗ್ರಿ ಇಳಿಯುತ್ತದೆ. ಜುಲೈಯ ಒದ್ದೆ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ನೀರು ಆವಿಯಾದರೆ ತಾನೇ ತಂಪು. ಲೈಟಿನ ಸಮಯವನ್ನು ಸಂಜೆಗೆ ಜರುಗಿಸಿ: ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಹೇಗೂ ನೀವು ಮನೆಗೆ ಬರುವುದು ಎಂಟು ಗಂಟೆಯ ಮೇಲೆಯೇ, ನಿಮಗೂ ನೋಡಲು ಸಿಗುತ್ತದೆ. ಐಸ್ ಗಡ್ಡೆಯನ್ನು ನೇರ ನೀರಿಗೆ ಹಾಕಬೇಡಿ; ಉಪ್ಪಿನಂಶ ಇಳಿಯುತ್ತದೆ. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ ತೇಲಿಬಿಡಬಹುದು, ಅದೂ ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಸದಂತೆ.

ಉಷ್ಣತೆ ಸರಿಯಿದ್ದು, ಹವಳ ಇತ್ತೀಚೆಗೆ ತಂದದ್ದಾದರೆ, ಇಲ್ಲವೇ ಲೈಟು ಹೊಸದಾದರೆ ಬೆಳಕೇ ಅಪರಾಧಿ. ತೀವ್ರತೆಯನ್ನು ಅರ್ಧಕ್ಕೆ ಇಳಿಸಿ. ಅಗ್ಗದ ಲೈಟಿಗೆ ಡಿಮ್ಮರ್ ಇಲ್ಲವೇ? ಎರಡು ದಾರಿ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನ ನಾಲ್ಕು ತುಂಡು ಕೊಯ್ದು ಲೈಟಿನ ಕಾಲಿಗೆ ಸಿಕ್ಕಿಸಿ, 15 ಸೆಂ.ಮೀ. ಎತ್ತರಿಸಿ. ಅಷ್ಟು ಜಾಗ ಮೇಲೆ ಇಲ್ಲದಿದ್ದರೆ ಬಿಳಿ ಸೊಳ್ಳೆ ಪರದೆಯ ಬಟ್ಟೆಯನ್ನು ಎರಡು, ಮೂರು ಪದರ ಮಡಿಸಿ ನೀರಿಗೂ ಲೈಟಿಗೂ ನಡುವೆ ಬಿಗಿದು ಕಟ್ಟಿ, ವಾರಕ್ಕೊಂದು ಪದರ ತೆಗೆಯುತ್ತ ಬನ್ನಿ. ಬಟ್ಟೆ ಲೈಟಿನ ಮೈಗೆ ತಾಗಬಾರದು.

ಹೊಸ ಲೈಟನ್ನು ಮೊದಲ ದಿನ 30, 40 ಶೇಕಡಾದಲ್ಲಿ ಹಚ್ಚಿ ವಾರಕ್ಕೆ ಹತ್ತರಂತೆ ಏರಿಸುವುದು ಸರಿಯಾದ ಕ್ರಮ. ಬಿಳಿಚಿದ ಹವಳಕ್ಕೆ ಮತ್ತೆ ಬಣ್ಣ ಬರಲು ವಾರಗಳೇ ಬೇಕು. ಆ ಅವಧಿಯಲ್ಲಿ ನೈಟ್ರೇಟನ್ನು (ಮೀನಿನ ಹೇಲು, ಉಳಿದ ಆಹಾರದಿಂದ ನೀರಿಗೆ ಸೇರುವ ಗೊಬ್ಬರದಂಶ) ಸೊನ್ನೆಗೆ ಇಳಿಸುವ ಹುಚ್ಚು ಬೇಡ. 2ರಿಂದ 10 ಪಿಪಿಎಂ ಇದ್ದರೆ ಮೃದು ಹವಳಕ್ಕೆ ಒಳ್ಳೆಯದೇ; ತೀರ ಶುದ್ಧ ನೀರಿನಲ್ಲೂ ಇವು ಸೊರಗುತ್ತವೆ.

ಹವಳ ಬಿಳಿಚುವುದರ ಜೊತೆಗೆ ಕರಗಿ ಲೋಳೆಯಾಗುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಾಯುವುದು ಸಾಕು. ಆ ಹವಳವನ್ನು ಗ್ಲೌಸ್ ಹಾಕಿ ಬೇರೆ ಪಾತ್ರೆಗೆ ತೆಗೆಯಿರಿ, ನೀರು ಬದಲಿಸಿ, ಅನುಭವಸ್ಥರನ್ನು ಅದೇ ದಿನ ಕೇಳಿ. ಒಂದು ಕರಗಿದರೆ ಚಿಕ್ಕ ಟ್ಯಾಂಕು ಪೂರ್ತಿ ಕೆಡುತ್ತದೆ.

ಲಕ್ಷಣ: ನಡುವೆ ಬಿಳಿಚಿದೆ, ಮೂಲೆಯಲ್ಲಿ ಕಂದಾಗಿದೆ

ಎರಡೂ ಒಂದೇ ಟ್ಯಾಂಕಿನಲ್ಲಿ ಕಂಡರೆ ಗಾಬರಿ ಬೇಡ, ತೆಳು ಲೈಟಿನ ಸಹಜ ಗುಣ. ಎತ್ತರಿಸಿದರೆ ಹರಡುತ್ತದೆ. ಎತ್ತರಿಸಲು ಆಗದಿದ್ದರೆ ಹವಳಗಳನ್ನೇ ಜರುಗಿಸಿ: ಲೆದರ್ ನಡುವಿಗೆ, ಮಶ್ರೂಮ್ ಮೂಲೆಗೆ. ಖರ್ಚಿಲ್ಲ.

ಲಕ್ಷಣ: ಗಾಜು, ಕಲ್ಲೆಲ್ಲ ಪಾಚಿ

ಟ್ಯಾಂಕು ಹಾಕಿ ಎರಡು ತಿಂಗಳಾಗಿಲ್ಲ, ಮರಳಿನ ಮೇಲೆ ಕಂದು ಧೂಳಿನಂಥದ್ದು ಹರಡಿದೆ: ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ತಾನಾಗಿ ಹೋಗುತ್ತದೆ. ಹಸಿರು ಕೂದಲಿನಂಥ ಪಾಚಿಯಾದರೆ ಆಹಾರ ಹಾಕುವುದು ಹೆಚ್ಚಾಗಿದೆ, ಇಲ್ಲವೇ ಬಿಳಿ ಬೆಳಕು ಹೆಚ್ಚಾಗಿದೆ, ಬಹುಮಟ್ಟಿಗೆ ಎರಡೂ. ಬಿಳಿ, ಕೆಂಪು ಚಾನೆಲ್ ಇಳಿಸಿ, ನೀಲಿ ಹಾಗೇ ಇರಲಿ, ಲೈಟು ಉರಿಯುವ ಅವಧಿಯನ್ನು ದಿನಕ್ಕೆ 8 ಗಂಟೆಗೆ ಇಳಿಸಿ. ನಲ್ಲಿ ನೀರನ್ನೇ ಬಳಸುತ್ತಿದ್ದರೆ ನಿಲ್ಲಿಸಿ. ಜುಹುವಿನಿಂದ ಸಮುದ್ರದ ನೀರು ಕ್ಯಾನಿನಲ್ಲಿ ತರುವ ಮಹಾನುಭಾವರೂ ಇದ್ದಾರೆ. ಆ ನೀರಿಗೆ ಊರಿನ ಯಾವ ಚರಂಡಿ ಸೇರುತ್ತದೆ ಎಂದು ಅವರಿಗೆ ನಾನು ಬೇರೆ ಹೇಳಬೇಕೇ?

ಕೆಂಪು ಲೋಳೆಯ ಹೊದಿಕೆ ಸಯನೋ ಬ್ಯಾಕ್ಟೀರಿಯಾ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ನೀರು ನಿಂತ ಜಾಗದಲ್ಲಿ. ಲೋಳೆಯನ್ನು ಪೈಪಿನಲ್ಲಿ ಹೀರಿ ತೆಗೆದು, ಪಂಪಿನ ಮುಖವನ್ನು ಆ ಕಡೆ ತಿರುಗಿಸಿ.

ಲಕ್ಷಣ: ಲೈಟು ಮಿಣುಕುತ್ತದೆ, ಅರ್ಧ ಹತ್ತುತ್ತದೆ, ಹತ್ತುವುದೇ ಇಲ್ಲ

ಮಿಣುಕುವುದು ನಿಮ್ಮ ಕಣ್ಣಿಗೋ, ಮೊಬೈಲಿಗೋ? ವಿಡಿಯೊದಲ್ಲಿ ಮಾತ್ರ ಪಟ್ಟೆಗಳು ಓಡುತ್ತಿದ್ದರೆ ಅದು ಡಿಮ್ಮರಿನ ವೇಗಕ್ಕೂ ಕ್ಯಾಮೆರಾದ ವೇಗಕ್ಕೂ ತಾಳ ಸೇರದಿರುವುದು, ದೋಷವಲ್ಲ. ಕಣ್ಣಿಗೇ ಕಂಡರೆ, ಮನೆಯ ಬೇರೆ ದೀಪಗಳೂ ಜೊತೆಗೆ ಮಂಕಾಗುತ್ತವೆಯೇ ನೋಡಿ. ಹಾಗಾಗುತ್ತಿದ್ದರೆ ತೊಂದರೆ ಲೈನಿನಲ್ಲಿದೆ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಟ್ಯಾಂಕಿನ ಲೈಟು ಮಾತ್ರ ಮಿಣುಕುತ್ತಿದ್ದರೆ ಅಡಾಪ್ಟರಿನ ಪಿನ್ ಲೈಟಿಗೆ ಸೇರುವ ಜಾಗ ಮೊದಲ ಶಂಕಿತ. ಪ್ಲಗ್ ಕಿತ್ತು ಪಿನ್ ಎಳೆದು ನೋಡಿ. ಹಸಿರು ಕಿಲುಬು, ಬಿಳಿ ಉಪ್ಪು ಇದ್ದರೆ ಒಣ ಬ್ರಶ್ಶಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಕರಗಿದ್ದರೆ, ಸುಟ್ಟ ವಾಸನೆ ಇದ್ದರೆ ಮತ್ತೆ ಹಾಕಲೇಬೇಡಿ.

ಮಲ್ಟಿಮೀಟರ್ ಬಳಸಲು ಬರುವವರು ಅಡಾಪ್ಟರಿನ ಔಟ್‌ಪುಟ್ ಕಡೆ ಡಿಸಿ ವೋಲ್ಟೇಜ್ ಅಳೆಯಿರಿ. 24 ವೋಲ್ಟ್ ಎಂದು ಬರೆದದ್ದು ಸುಮ್ಮನಿದ್ದಾಗ 24 ತೋರಿಸಿ, ಲೈಟು ಜೋಡಿಸಿದ ಕೂಡಲೇ ಕುಸಿದರೆ ಅಡಾಪ್ಟರ್ ಮುದಿಯಾಗಿದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಬದಲಿ ಸಿಗುತ್ತದೆ. ಮೂರು ಸಂಗತಿ ಹೊಂದಬೇಕು: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಹೆಚ್ಚೋ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಹಳೆಯದರಂತೇ ಇರಬೇಕು. ಹಳೆಯ ಅಡಾಪ್ಟರನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗಿ. ಅದನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಒಂದು ಸಾಲು ಪೂರ್ತಿ ಆರಿ ಉಳಿದವು ಉರಿಯುತ್ತಿದ್ದರೆ ಬಹುಮಟ್ಟಿಗೆ ಆ ಸಾಲಿನ ಯಾವುದೋ ಒಂದು ಎಲ್‌ಇಡಿ ಕಡಿದಿದೆ. ಹಳೆಯ ಸೀರಿಯಲ್ ಸೆಟ್ಟಿನ ಬಲ್ಬುಗಳ ಹಾಗೆ, ಒಂದು ಹೋದರೆ ಸರವೇ ಹೋಗುತ್ತದೆ. ಬೆಸುಗೆ ಬಲ್ಲವರು ಐದು ನಿಮಿಷದಲ್ಲಿ ಸರಿಮಾಡುತ್ತಾರೆ. ಆದರೆ ನೀರು ನುಗ್ಗದಂತೆ ಮತ್ತೆ ಸೀಲ್ ಮಾಡುವುದು ಅವರಿಂದ ಆಗುತ್ತದೆಯೇ ಕೇಳಿ.

ಮೈ ಬಿಸಿಯಾಗುವುದು ಸಹಜ, ಅಲ್ಯೂಮಿನಿಯಮ್ ಇರುವುದೇ ಅದಕ್ಕೆ. ಪ್ಲಗ್ ಕಿತ್ತು, ಒಣ ಕೈಯಲ್ಲಿ ಮುಟ್ಟಿ ಐದು ಸೆಕೆಂಡು ಹಿಡಿಯಲಾಗದಿದ್ದರೆ ಅದು ಅತಿ. ಫ್ಯಾನ್ ಇರುವ ಲೈಟಾದರೆ ಧೂಳು ತೆಗೆಯಿರಿ.

ಆರ್‌ಸಿಸಿಬಿ ಬೀಳುತ್ತಿದ್ದರೆ ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ ನೋಡಿ. ಎಷ್ಟೋ ಸಲ ಕಳ್ಳ ಸಿಗುವುದು ಲೈಟಿನಲ್ಲಲ್ಲ, ಬಿರುಕು ಬಿಟ್ಟ ಹೀಟರಿನಲ್ಲಿ. ಮುಂಬಯಿಯಲ್ಲಿ ಅದು ವರ್ಷಕ್ಕೆ ಎಷ್ಟು ದಿನ ಬೇಕು ಹೇಳಿ! ನೀರಿಗೆ ಕೈ ಹಾಕಿದಾಗ ಬೆರಳಿನ ಗಾಯದಲ್ಲಿ ಜುಮ್ ಅಂದರೆ, ಲೈಟು ನೀರಿಗೆ ಬಿದ್ದರೆ, ಮೇನ್ ಆರಿಸದೆ ಏನನ್ನೂ ಮುಟ್ಟಬೇಡಿ. ಬಿದ್ದು ಎದ್ದ ಲೈಟು ಒಣಗಿದ ಮೇಲೆ ಉರಿದರೂ ಅದನ್ನು ನಂಬಬೇಡಿ.

ಕೊನೆಗೂ ಲೈಟೇ ತಪ್ಪಿತಸ್ಥ ಎಂದಾದರೆ

ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. 55 ಎಲ್‌ಇಡಿ, ಒಂದೊಂದು 3 ವ್ಯಾಟಿನದು, ಹಾಗಾಗಿ 165 ವ್ಯಾಟ್ ಎಂದು ಬರೆಯುವುದು ಈ ವ್ಯಾಪಾರದ ಹಳೆಯ ಗುಣಾಕಾರ. ಅಷ್ಟು ಕರೆಂಟನ್ನು ಅದು ಎಳೆಯುವುದೇ ಇಲ್ಲ. ಅಡಾಪ್ಟರಿನ ಹಿಂದಿನ ಚೀಟಿ ಓದಿ: 24 ವೋಲ್ಟ್, 2 ಆಂಪಿಯರ್ ಅಂದರೆ 48 ವ್ಯಾಟಿಗಿಂತ ಹೆಚ್ಚು ಕೊಡಲು ಅದಕ್ಕೆ ಸಾಧ್ಯವಿಲ್ಲ. ನಮ್ಮ ಎರಡಡಿ ಟ್ಯಾಂಕಿನ ಮೃದು ಹವಳಕ್ಕೆ ನಿಜವಾದ 30ರಿಂದ 45 ವ್ಯಾಟ್ ಸಾಕು. 40 ವ್ಯಾಟನ್ನು ದಿನಕ್ಕೆ 9 ಗಂಟೆ ಉರಿಸಿದರೆ ತಿಂಗಳಿಗೆ 11 ಯೂನಿಟ್ಟೂ ಆಗುವುದಿಲ್ಲ. ಮನೆಯವರಿಗೆ ಈ ಲೆಕ್ಕ ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಗಿಡದ ಟ್ಯಾಂಕಿನ ಲೈಟು ಅಗ್ಗಕ್ಕೆ ಸಿಗುತ್ತದೆ, ತೆಳ್ಳಗೂ ಇರುತ್ತದೆ. ಆದರೆ ಅದು 6500 ಕೆಲ್ವಿನ್ನಿನ ಬಿಳಿ, ಜೊತೆಗೆ ಕೆಂಪು. ಅದರಡಿ ಮೃದು ಹವಳ ಸಾಯಲಿಕ್ಕಿಲ್ಲ, ಆದರೆ ನಿಮ್ಮ ಭಾನುವಾರಗಳೆಲ್ಲ ಪಾಚಿ ಕೆರೆಯುವುದರಲ್ಲೇ ಕಳೆಯುತ್ತವೆ. ನೀಲಿಗೂ ಬಿಳಿಗೂ ಬೇರೆಬೇರೆ ಡಿಮ್ಮರ್ ಇರುವುದನ್ನೇ ಕೇಳಿ; ಎರಡಕ್ಕೂ ಒಂದೇ ಗುಂಡಿ ಇದ್ದರೆ ಬಿಟ್ಟುಬಿಡಿ. ನೀರಿಗೆ ಹತ್ತಿರ ಕೂರುವ ಲೈಟಿಗೆ ಲೆನ್ಸ್ ಅಗಲವಾಗಿರಬೇಕು, 120 ಡಿಗ್ರಿಯದು ಸಿಕ್ಕರೆ ಒಳ್ಳೆಯದು. 60 ಡಿಗ್ರಿಯ ಕಿರಿದು ಲೆನ್ಸ್ ಮೇಲಿಂದ ನೇತುಹಾಕುವವರಿಗೆ. ನೀರು ತಡೆಯುವ ಶಕ್ತಿಯನ್ನು ಐಪಿ ಎಂಬ ಗುರುತಿನಲ್ಲಿ ಬರೆದಿರುತ್ತಾರೆ: ಲೈಟಿನ ಮೈಗೆ ಐಪಿ67 ಇದ್ದರೆ ಒಮ್ಮೆ ನೀರಿಗೆ ಬಿದ್ದರೂ ತಕ್ಷಣ ಒಳಗೆ ನೀರು ನುಗ್ಗುವುದಿಲ್ಲ, ಐಪಿ65 ಸಿಡಿಯುವ ನೀರಿಗಷ್ಟೇ. ಅಡಾಪ್ಟರಿಗೆ ಇವೆರಡೂ ಅನ್ವಯಿಸುವುದಿಲ್ಲ. ನಾನು ಗ್ಯಾರಂಟಿ ಕಾರ್ಡಿಗಿಂತ ಹೆಚ್ಚು ನೋಡುವುದು ಅಡಾಪ್ಟರನ್ನು ಕಳಚಿ ಬೇರೆ ಹಾಕಲು ಬರುತ್ತದೆಯೇ ಎಂಬುದನ್ನು, ಯಾಕೆಂದರೆ ನನ್ನ ಅನುಭವದಲ್ಲಿ ಮೊದಲು ಸಾಯುವುದು ಅದೇ.

ಅಕ್ಕನ ಮಗನ ಏಳು ಸಾವಿರ ಉಳಿಯಿತು. ಲೆದರ್ ಒಂಬತ್ತನೆಯ ದಿನ ಅರಳಿತು, ಫೋಟೊ ಕಳಿಸಿದ. ಜೊತೆಗೇ ಇನ್ನೊಂದು ಫೋಟೊ: ಟ್ಯಾಂಕಿನ ಹಿಂದಿನ ಎಕ್ಸ್‌ಟೆನ್ಶನ್ ಬೋರ್ಡು, ಇನ್ನೂ ನೆಲದ ಮೇಲೆಯೇ ಇತ್ತು. ಮುಂದಿನ ಭಾನುವಾರ ಡ್ರಿಲ್ ಹಿಡಿದುಕೊಂಡು ಮತ್ತೆ ಮುಲುಂಡಿಗೆ ಹೋದೆ.